ಆವರ್ತ ಕೋಷ್ಟಕದಲ್ಲೊಂದು ಫೋರ್ಥ್ ಸೀಟ್

ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಹನ್ನೊಂದನೇ ಸೈನ್ಸ್ ಓದುವ ಹುಡುಗಿಯೊಬ್ಬಳಿದ್ದಾಳೆ. ಅವಳ ನೋಟ್‌ಬುಕ್ಕಿನ ಆವರ್ತ ಕೋಷ್ಟಕದ ತುಂಬ ಕೆಂಪು, ನೀಲಿ, ಹಸಿರು ಬಾಣಗಳು, ಧಾತುಗಳ ಯಾವ ಗುಣ ಯಾವ ಕಡೆಗೆ ಹೆಚ್ಚುತ್ತದೆ ಎಂದು ತೋರಿಸಲು. "ಮಾಮಾ, ಗಾತ್ರದ ಬಾಣ ಎಡಕ್ಕಾ ಬಲಕ್ಕಾ? ರಾತ್ರಿ ಬಾಯಿಪಾಠ ಮಾಡಿದ್ದು ಬೆಳಿಗ್ಗೆ ಮರೆತುಹೋಗ್ತದೆ" ಅಂದಳು. ಬಾಣಗಳನ್ನು ಬದಿಗಿಟ್ಟು ಗ್ರಾಫ್ ಶೀಟ್ ತರಲು ಹೇಳಿದೆ. ನೀವೂ ಒಂದು ತೆಗೆದುಕೊಳ್ಳಿ.

ಗೆರೆ ಎಳೆಯುವ ಮೊದಲು ಎರಡು ಪ್ರಶ್ನೆ. ತೀರಾ ಹೊರಗಿನ ಎಲೆಕ್ಟ್ರಾನನ್ನು ಬೀಜಕೇಂದ್ರ ಎಷ್ಟು ಬಿಗಿಯಾಗಿ ಎಳೆಯುತ್ತಿದೆ? ಅದು ಎಷ್ಟು ದೂರದಲ್ಲಿದೆ? ಒಂದು ಸಾಲಿನಲ್ಲಿ ಎಡದಿಂದ ಬಲಕ್ಕೆ ಹೋದಂತೆ ಪ್ರೋಟಾನ್ ಒಂದೊಂದಾಗಿ ಹೆಚ್ಚುತ್ತದೆ. ಹೊಸ ಎಲೆಕ್ಟ್ರಾನ್ ಸೇರುವುದು ಮಾತ್ರ ಅದೇ ಹೊರಕವಚಕ್ಕೆ. ಎಳೆತ ಬಿಗಿಯಾಗಿ ಪರಮಾಣು ಕುಗ್ಗುತ್ತದೆ: ಸೋಡಿಯಂನ ತ್ರಿಜ್ಯ 186 ಪಿಕೋಮೀಟರ್, ಕ್ಲೋರಿನ್ನದು 99. ಕೆಳಗಿಳಿದರೆ ಕವಚವೇ ಒಂದು ಹೆಚ್ಚು, ಪೊಟ್ಯಾಸಿಯಂ 227ಕ್ಕೆ ಉಬ್ಬುತ್ತದೆ. ಅದರ ಹೊರಗಿನ ಎಲೆಕ್ಟ್ರಾನ್ ಫುಟ್‌ಬೋರ್ಡಿನಲ್ಲಿ ನೇತಾಡುವವನ ಹಾಗೆ, ಕೈ ಬಿಡಿಸುವುದು ಸುಲಭ.

ಈಗ ಗ್ರಾಫ್. ಎಲೆಕ್ಟ್ರಾನನ್ನು ಕಿತ್ತುಹಾಕಲು ಬೇಕಾದದ್ದು ಅಯಾನೀಕರಣ ಶಕ್ತಿ. ಅಡ್ಡ ಗೆರೆಯ ಮೇಲೆ ಮೂರನೇ ಸಾಲಿನ ಎಂಟು ಧಾತುಗಳನ್ನು ಬರೆಯಿರಿ. ಲಂಬ ಗೆರೆಯನ್ನು 400ರಿಂದ ಶುರುಮಾಡಿ, ಒಂದು ಸೆಂಟಿಮೀಟರಿಗೆ 100 ಇಟ್ಟುಕೊಳ್ಳಿ. ಒಂದು ಮೋಲ್‌ಗೆ (ಪರಮಾಣುಗಳ ಒಂದು ನಿಗದಿತ ಎಣಿಕೆ) ಇಷ್ಟು ಕಿಲೋಜೂಲ್: ಸೋಡಿಯಂ 496, ಮೆಗ್ನೀಸಿಯಂ 738, ಅಲ್ಯೂಮಿನಿಯಂ 578, ಸಿಲಿಕಾನ್ 786, ರಂಜಕ 1012, ಗಂಧಕ 1000, ಕ್ಲೋರಿನ್ 1251, ಆರ್ಗಾನ್ 1521. ಚುಕ್ಕೆಗಳನ್ನು ಸೇರಿಸಿ.

ಗೆರೆ ಮೇಲೇರುತ್ತದೆ, ಆದರೆ ಎರಡು ಕಡೆ ಮುಗ್ಗರಿಸುತ್ತದೆ. ಅಲ್ಯೂಮಿನಿಯಂ ಇಳಿದದ್ದಕ್ಕೆ ಕಾರಣ ಸರಳ. ಮೆಗ್ನೀಸಿಯಂನ ಹೊರ ಎಲೆಕ್ಟ್ರಾನ್ ಮೂರನೇ ಕವಚದ 3ಎಸ್ ಎಂಬ ಮಟ್ಟದಲ್ಲಿದೆ, ಅಲ್ಯೂಮಿನಿಯಂನದು ಅದೇ ಕವಚದಲ್ಲಿ, ಶಕ್ತಿಯಲ್ಲಿ ಅದಕ್ಕಿಂತ ಎತ್ತರದ 3ಪಿಯಲ್ಲಿ ಕೂತಿದೆ, ಅಲ್ಲಿಂದ ಕೀಳುವುದು ಸುಲಭ. ಗಂಧಕದ್ದು ಬರೇ ಒಂದು ಮಿಲಿಮೀಟರಿನ ಇಳಿತ. ಹುಡುಗಿ ತನ್ನದೇ ತಪ್ಪೆಂದು ರಬ್ಬರ್ ಹಿಡಿದು ಉಜ್ಜತೊಡಗಿದಳು! ತಪ್ಪಲ್ಲ, ಪಠ್ಯದ ಬಾಣ ಹೇಳದೆ ಬಿಡುವ ವಿಷಯವೇ ಅಲ್ಲಿದೆ.

ಮುಂಬೈ ಲೋಕಲ್ ರೈಲಿನಲ್ಲಿ ನಾಲ್ಕನೆಯವನೂ ತುರುಕಿಕೊಳ್ಳುವ ಮೂವರ ಬೆಂಚನ್ನು ನೆನಪಿಸಿಕೊಳ್ಳಿ. ಪಿ ಕಕ್ಷಕಗಳೂ, ಅಂದರೆ ಆ ಮಟ್ಟದಲ್ಲಿ ಎಲೆಕ್ಟ್ರಾನುಗಳಿಗಿರುವ ಸೀಟುಗಳೂ, ಮೂರೇ. ರಂಜಕದಲ್ಲಿ ಮೂರು ಎಲೆಕ್ಟ್ರಾನುಗಳು ಒಂದೊಂದರಲ್ಲಿ ಒಂದೊಂದಾಗಿ ಹಾಯಾಗಿ ಕೂತಿವೆ. ಗಂಧಕದಲ್ಲಿ ನಾಲ್ಕನೆಯದು ಬಂದು "ಜರಾ ಸರ್ಕೋ" (ಸ್ವಲ್ಪ ಸರಿಯಿರಿ) ಎನ್ನುತ್ತದೆ. ಇದ್ದವುಗಳಲ್ಲೊಂದರ ಜೊತೆ ಅದು ಜೋಡಿಯಾಗಲೇಬೇಕು, ಎರಡೂ ಋಣ ವಿದ್ಯುತ್ತಿನವಾದ್ದರಿಂದ ಒಂದನ್ನೊಂದು ತಳ್ಳುತ್ತವೆ. ಅರ್ಧ ಕುಂಡೆ ಊರಿ ಕೂತ ಫೋರ್ಥ್ ಸೀಟಿನವನನ್ನು ಎಬ್ಬಿಸಲು ಎಷ್ಟು ಶಕ್ತಿ ಬೇಕು? ಪ್ರೋಟಾನ್ ಒಂದು ಹೆಚ್ಚಿದ್ದರೂ ಗಂಧಕ ರಂಜಕಕ್ಕಿಂತ 12 ಕಿಲೋಜೂಲ್ ಹಿಂದೆ ಬಿದ್ದದ್ದು ಇದಕ್ಕೇ.

ಬಂಧದಲ್ಲಿರುವ ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆದುಕೊಳ್ಳುವ ಗುಣಕ್ಕೂ, ಅಂದರೆ ವಿದ್ಯುದೃಣತೆಗೂ, ಅವೇ ಎರಡು ಪ್ರಶ್ನೆ ಸಾಕು. ಪೌಲಿಂಗ್ ಮಾನದಲ್ಲಿ ಪುಟಾಣಿ ಫ್ಲೋರಿನ್ 3.98, ದೊಡ್ಡ ದೇಹದ ಸೀಸಿಯಂ 0.79.

ಕೈ ಪಳಗಬೇಕಾದರೆ ಎರಡನೇ ಸಾಲಿನದೂ ಬರೆದು ನೋಡಿ: ಲಿಥಿಯಂ 520, ಬೆರಿಲಿಯಂ 900, ಬೋರಾನ್ 801, ಇಂಗಾಲ 1086, ಸಾರಜನಕ 1402, ಆಮ್ಲಜನಕ 1314, ಫ್ಲೋರಿನ್ 1681, ನಿಯಾನ್ 2081. ಅವೇ ಎರಡು ಜಾಗದಲ್ಲಿ ಗೆರೆ ಮತ್ತೆ ಇಳಿಯುತ್ತದೆ. ಆದರೆ ಆಮ್ಲಜನಕದ ಬಳಿ ಇಳಿತ 88, ಉಜ್ಜಿದರೂ ಹೋಗದಷ್ಟು ಎದ್ದು ಕಾಣುತ್ತದೆ. 2ಪಿ ಬೆಂಚು 3ಪಿಗಿಂತ ಚಿಕ್ಕದು, ಜೋಡಿಯ ತಳ್ಳಾಟ ಜಾಸ್ತಿ.