ನಾನು ಹುಡುಗರ ಸ್ಟೇಟಸ್ ನೋಡುವ ಮೇಡಂ

ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ ನನ್ನ ಹುಡುಗರ ವಾಟ್ಸಾಪ್ ಸ್ಟೇಟಸ್ ನೋಡುತ್ತೇನೆ. 'ಶುರುವಾಯ್ತು ಸಿಐಡಿ ಕೆಲಸ' ಅಂತ ನಮ್ಮನೆಯವರು ರೇಗಿಸುತ್ತಾರೆ. ಕದ್ದು ನೋಡುವುದೇನಿಲ್ಲ. ನೋಡಿದವರ ಪಟ್ಟಿಯಲ್ಲಿ ನನ್ನ ಹೆಸರು ಕಾಣಲಿ ಅಂತಲೇ ಬ್ಲೂ ಟಿಕ್ ಆನ್ ಇಟ್ಟಿದ್ದೇನೆ.

ಮೊದಮೊದಲು ಎಡವಿದ್ದೂ ಉಂಟು. ಒಬ್ಬ ಹುಡುಗ 'ನಾನು ಯಾರಿಗೂ ಬೇಡ' ಎಂದು ಹಾಕಿದ್ದ. ನಾನು ಕ್ಲಾಸ್ ಗ್ರೂಪಿನಲ್ಲೇ 'ಏನಾಯ್ತಪ್ಪಾ? ಧೈರ್ಯವಾಗಿರು' ಎಂದು ಬರೆದೆ. ಉಳಿದವರು ನಗುವ ಇಮೋಜಿ ಸುರಿದರು. ಮರುದಿನದಿಂದ ಅವನ ಸ್ಟೇಟಸ್ ನನಗೆ ಕಾಣಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಬೇಸರದ ಹಾಡುಗಳಿಗೆ ನಾನು ಗಾಬರಿಯಾಗುವುದಿಲ್ಲ. ಆ ವಯಸ್ಸಿನಲ್ಲಿ ಅಂಥ ಹಾಡು ಹಾಕದವರು ಯಾರು? ನನ್ನ ಕಣ್ಣು ಬದಲಾವಣೆಯ ಮೇಲೆ. ದಿನಾ ಏನಾದರೂ ಹಾಕುತ್ತಿದ್ದವರು ಸುಮ್ಮನಾಗುವುದು, ಡಿಪಿ ತೆಗೆಯುವುದು, ಗ್ರೂಪುಗಳಿಂದ ಒಂದೊಂದಾಗಿ ಹೊರಬೀಳುವುದು, ಕಾರಣವಿಲ್ಲದೆ ಎಲ್ಲರಿಗೂ ಸಾರಿ, ಥ್ಯಾಂಕ್ಸ್ ಹೇಳುವುದು.

ಒಬ್ಬಳು ದಿನಾ ಬೆಳಿಗ್ಗೆ ತಾನು ಹಾಕಿದ ರಂಗೋಲಿಯ ಫೋಟೋ ಹಾಕುತ್ತಿದ್ದಳು. ದ್ವಿತೀಯ ಪಿಯು ರಿಸಲ್ಟ್ ಬಂದ ದಿನದಿಂದ ರಂಗೋಲಿ ನಿಂತಿತು. ನಾಲ್ಕನೇ ರಾತ್ರಿ 'ಎಲ್ಲರಿಗೂ ಥ್ಯಾಂಕ್ಸ್. ಇನ್ನು ನನ್ನಿಂದ ಯಾರಿಗೂ ತೊಂದರೆ ಇಲ್ಲ' ಎಂದು ಬಂತು. ಫೋನ್ ಮಾಡಿದೆ, ಎತ್ತಲಿಲ್ಲ. ವಾಯ್ಸ್ ಮೆಸೇಜ್ ಕಳಿಸಿದೆ: 'ನಿನ್ನ ರಂಗೋಲಿ ನೋಡಿ ನಾಲ್ಕು ದಿನ ಆಯ್ತು ಕಣಮ್ಮ. ನಾನು ಎದ್ದಿದ್ದೀನಿ, ಫೋನ್ ಮಾಡು.' ಟಿಕ್ ನೀಲಿಯಾಯಿತು. ಅವಳ ಅಪ್ಪನ ನಂಬರ್ ಹುಡುಕುತ್ತಿದ್ದಾಗ ಅವಳೇ ಮಾಡಿದಳು.

'ಸಾಯಬೇಕು ಅನ್ನಿಸ್ತಿದೆಯಾ?' ಎಂದು ನೇರವಾಗಿಯೇ ಕೇಳಿದೆ. ಕೇಳುವಾಗ ನನ್ನ ಬಾಯಿ ಒಣಗಿತ್ತು. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂದು ಜಾಸ್ತಿ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. 'ಹೌದು ಮೇಡಂ' ಎಂದವಳು ತುಂಬ ಹೊತ್ತು ಅತ್ತಳು. 'ಎರಡನೇ ಪರೀಕ್ಷೆ ಇದೆಯಲ್ಲ' ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

'ಯಾರಿಗೂ ಹೇಳಬೇಡಿ ಮೇಡಂ' ಎಂದಳು. 'ಆ ಮಾತೊಂದು ಕೊಡಲಾರೆ ಪುಟ್ಟ. ಯಾರಿಗೆ ಹೇಳಲಿ, ನೀನೇ ಹೇಳು' ಎಂದೆ. ಸ್ವಲ್ಪ ತಡೆದು, ಅಜ್ಜಿ ಎಂದಳು. ಎಬ್ಬಿಸಲು ಹೇಳಿದೆ. ಅಜ್ಜಿ ಪಕ್ಕ ಬಂದು ಕೂತ ಮೇಲೆ ಕಾನ್ಫರೆನ್ಸ್ ಹಾಕಿ 14416ಕ್ಕೆ ಮಾಡಿದೆ. ಅದು ಟೆಲಿ ಮಾನಸ್, ಮನಸ್ಸಿನ ಕಷ್ಟಕ್ಕೆ ಸರ್ಕಾರ ನಡೆಸುವ ಸಹಾಯವಾಣಿ. 2022ರ ಅಕ್ಟೋಬರಿನಲ್ಲಿ ಶುರುವಾಯಿತು, ನಮ್ಮ ನಿಮ್ಹಾನ್ಸೇ ಅದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆಮೇಲಿನ ಮಾತು ಅವರದ್ದು. ನಾನು ಕೆಮಿಸ್ಟ್ರಿ ಮೇಡಂ ಅಷ್ಟೇ, ಡಾಕ್ಟರ್ ಅಲ್ವಲ್ಲ. ಆ ರಾತ್ರಿ ಅಜ್ಜಿ ಅವಳನ್ನು ಒಂಟಿ ಬಿಡಲಿಲ್ಲ. ಬೆಳಿಗ್ಗೆ ಅಪ್ಪನೇ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋದರು.

ಮೇಡಂ ಕಣ್ಣಿಗೆ ಬೀಳದಂತೆ ಸ್ಟೇಟಸ್ ಹಾಕುವವರೇ ಹೆಚ್ಚು ಎಂದು ಈಗ ಗೊತ್ತು. ಅದಕ್ಕೆ ವರ್ಷದ ಮೊದಲ ವಾರವೇ ಕ್ಲಾಸಿನಲ್ಲಿ ಹೇಳಿಬಿಡುತ್ತೇನೆ: ಗೆಳೆಯರು ಹಾಕಿದ್ದು ನೋಡಿ ಎದೆ ಧಸಕ್ ಎಂದರೆ ಸ್ಕ್ರೀನ್‌ಶಾಟ್ ಹಂಚಬೇಡಿ, ಮೊದಲು ಅವರಿಗೆ ಫೋನ್ ಮಾಡಿ, ಆಮೇಲೆ ನನಗೆ. ಹೋದ ವರ್ಷ ಹಾಗೆ ಎರಡು ಫೋನ್ ಬಂದವು.