ರೋಬೋಟ್ ಸರ್ಜರಿಗೆ ಮುಂಚೆ ಉಸಿರಿನ ತಯಾರಿ: ನನ್ನ ಅನುಭವ

ನಾನು ಹಾಸನದಲ್ಲಿ ಫಿಸಿಯೋಥೆರಪಿಸ್ಟ್. ಎದೆಯೊಳಗಿನ ಗಡ್ಡೆಗೆ ಬೆಂಗಳೂರಿನಲ್ಲಿ ರೋಬೋಟ್ ಸರ್ಜರಿ ಮಾಡಿಸಿಕೊಳ್ಳುವವರು ಈಗೀಗ ನನ್ನ ಹತ್ತಿರವೂ ಬರುತ್ತಾರೆ. "ಸಣ್ಣ ತೂತು ಅಷ್ಟೇ ಅಲ್ವಾ ಮೇಡಂ, ಅದಕ್ಕೂ ವ್ಯಾಯಾಮ ಬೇಕಾ?" ಅಂತ ಕೇಳುತ್ತಾರೆ. ಖಂಡಿತ ಬೇಕು.

ರೋಬೋಟ್ ತಾನಾಗಿ ಏನೂ ಮಾಡುವುದಿಲ್ಲ. ಸರ್ಜನ್ ಕನ್ಸೋಲ್ ಅನ್ನುವ ನಿಯಂತ್ರಣ ಯಂತ್ರದ ಮುಂದೆ ಕೂತು ಕೈ ಆಡಿಸಿದ ಹಾಗೆ ಅದರ ತೋಳುಗಳು ಆಡುತ್ತವೆ. ಪಕ್ಕೆಲುಬುಗಳ ನಡುವೆ ಸುಮಾರು 8 ಮಿಲಿಮೀಟರ್ ತೂತುಗಳು ಸಾಕು. ಎದೆಮೂಳೆ ಸೀಳುವುದು ತಪ್ಪುತ್ತದೆ, ಅದು ದೊಡ್ಡ ಲಾಭ. ಆದರೆ ಒಳಗೆ ಜಾಗ ಬೇಕಲ್ಲ? ಅದಕ್ಕೆ ಒಂದು ಕಡೆಯ ಶ್ವಾಸಕೋಶದ ಗಾಳಿ ಇಳಿಸಿ, ಇನ್ನೊಂದರಲ್ಲೇ ಉಸಿರಾಡಿಸುತ್ತಾರೆ. ಇಳಿದದ್ದು ಆಮೇಲೆ ಪೂರ್ತಿ ಅರಳದಿದ್ದರೆ ಕಫ ಕಟ್ಟಿ ನ್ಯುಮೋನಿಯಾ ಆಗಬಹುದು.

ಸಕಲೇಶಪುರ ಕಡೆಯ ಕಾಫಿ ತೋಟದವರೊಬ್ಬರು ಬಂದಿದ್ದರು. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಥೈಮೋಮಾ ಅನ್ನುವ ಗಡ್ಡೆ, ಜೊತೆಗೆ ಅದರೊಂದಿಗೆ ಆಗಾಗ ಕಾಣುವ ಮಯಸ್ತೇನಿಯಾ ಗ್ರೇವಿಸ್, ಅಂದರೆ ನರದ ಸೂಚನೆ ಸ್ನಾಯುವಿಗೆ ಸರಿಯಾಗಿ ಮುಟ್ಟದ ಕಾಯಿಲೆ. ಸಂಜೆಯಾದರೆ ಕಣ್ಣಿನ ರೆಪ್ಪೆ ಜೋತುಬೀಳುತ್ತಿತ್ತು. ಈ ಕಾಯಿಲೆಯಲ್ಲಿ ದುಡಿಸಿದಷ್ಟೂ ಸ್ನಾಯು ಸೋಲುತ್ತದೆ. ಜಾಸ್ತಿ ಮಾಡಿಸಿದರೆ ಜಾಸ್ತಿ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸ್ನಾಯುಗಳಿಗೆ ಕೆಲವು ಗಂಟೆ ಬಲ ಕೊಡುವ ಪಿರಿಡೋಸ್ಟಿಗ್ಮಿನ್ ಮಾತ್ರೆ ನುಂಗಿ ಒಂದು ಗಂಟೆಯಾದ ಮೇಲೆ, ಮೈಯಲ್ಲಿ ಶಕ್ತಿ ಇರುವಾಗಲೇ ಶುರು ಮಾಡಿಸಿದೆ. ಉಸಿರೆಳೆದಾಗ ಚೆಂಡು ಮೇಲೇರುವ ವ್ಯಾಯಾಮದ ಸಾಧನ, ಮೂರು ಚೆಂಡಿನ ಸ್ಪೈರೋಮೀಟರ್ ಕೈಗೆ ಕೊಟ್ಟರೆ ಊದಲು ಹೋದರು. ಸುಮಾರು ಜನ ಹಾಗೇ. "ಊದಬೇಡಿ ಅಣ್ಣ, ಎಳೀರಿ. ನಿಧಾನಕ್ಕೆ" ಅಂದೆ. ಮೂರೂ ಚೆಂಡು ಟಪ್ ಅಂತ ಹಾರಿ ಬೀಳುವುದು ನನಗೆ ಬೇಕಿಲ್ಲ. ಮೊದಲನೆಯದು ಮೇಲೆ ಹೋಗಿ, ಮೂರು ಎಣಿಸುವ ತನಕ ಅಲ್ಲೇ ನಿಂತರೆ ಉಸಿರು ಶ್ವಾಸಕೋಶದ ತಳದವರೆಗೆ ಇಳಿದಿರುತ್ತದೆ. ಐದಾರು ಸಲ ಆದಮೇಲೆ ವಿಶ್ರಾಂತಿ. ಮಾತು ತೊದಲಲು ಶುರುವಾದರೆ ಅವತ್ತಿಗೆ ಅಷ್ಟೇ.

ಕೆಮ್ಮುವುದನ್ನೂ ಮೊದಲೇ ಕಲಿಸಿದೆ. ದಿಂಬನ್ನು ಎದೆಗೆ ಅವುಚಿಕೊಂಡು, ಉಸಿರೆಳೆದು, ಬಾಯಿ ತೆರೆದು 'ಹಾ' ಅಂತ ಗಾಳಿ ತಳ್ಳಬೇಕು. ಸರ್ಜರಿ ಆದಮೇಲೆ ಎದೆಯಲ್ಲಿ ಗಾಳಿ, ದ್ರವ ಹೊರಹಾಕುವ ಡ್ರೈನ್ ಟ್ಯೂಬ್ ಇಟ್ಟುಕೊಂಡು, ನೋವು ತಿನ್ನುತ್ತಾ ಹೊಸದಾಗಿ ಕಲಿಯಲು ಯಾರಿಗಾದರೂ ಕಷ್ಟವೇ.

ಸರ್ಜರಿ ಮುಗಿಸಿ ಬಂದಾಗ ಅವರಿಗೆ ಪಕ್ಕೆಯಲ್ಲಿ ಉರಿ ಇತ್ತು. ಪಕ್ಕೆಲುಬಿನ ಅಡಿಯಲ್ಲೇ ನರ ಹಾಯುತ್ತದೆ, ಅದಕ್ಕೆ ಒತ್ತು ಬಿದ್ದರೆ ಹೀಗಾಗುತ್ತದೆ. ನೋವಿಗೆ ಹೆದರಿ ಆ ಕಡೆಯ ಕೈಯನ್ನೇ ಎತ್ತುತ್ತಿರಲಿಲ್ಲ. ಗೋಡೆ ಮೇಲೆ ಬೆರಳು ಹತ್ತಿಸುತ್ತಾ ದಿನಾ ಸ್ವಲ್ಪ ಸ್ವಲ್ಪ ಏರಿಸಿದೆವು.

"ತೋಟಕ್ಕೆ ಯಾವಾಗ ಹೋಗ್ಲಿ?" ಅಂದರು. ನಡೆದಾಡಲು ಈಗಲೇ ಹೋಗಿ, ಸರ್ಜನ್ ಹೇಳುವ ತನಕ ಗೊಬ್ಬರದ ಮೂಟೆ ಮಾತ್ರ ಮುಟ್ಟಬೇಡಿ ಅಂದೆ. ಮಾತ್ರೆಯನ್ನೂ ಸುಮ್ನೆ ಬಿಡಬೇಡಿ ಅಂತ ಒತ್ತಿ ಹೇಳಿದೆ. ಗಡ್ಡೆ ತೆಗೆದ ಮರುದಿನವೇ ಮಯಸ್ತೇನಿಯಾ ಹೋಗಿಬಿಡುವುದಿಲ್ಲ. ಸುಧಾರಿಸಲು ತಿಂಗಳುಗಳು, ಕೆಲವರಿಗೆ ವರ್ಷಗಳೇ ಹಿಡಿಯುತ್ತವೆ.