ಫಿಂಚ್ ಜೋಡಿ ನಿಜಕ್ಕೂ ಜೋಡಿಯೇ? ಗಂಡು-ಹೆಣ್ಣು ಗುರುತಿಸುವ ಬಗೆ

ಅಂಗಡಿಯಲ್ಲಿ 'ಜೋಡಿ' ಎಂದರೆ ಎರಡು ಹಕ್ಕಿ, ಅಷ್ಟೇ. ಒಂದು ಗಂಡು, ಒಂದು ಹೆಣ್ಣು ಎಂಬ ಖಾತ್ರಿ ಅದರಲ್ಲಿಲ್ಲ. ಮೈಸೂರಿನಿಂದ ಫಿಂಚ್ (ಕಾಳು ತಿನ್ನುವ ಪುಟ್ಟ ಸಾಕುಹಕ್ಕಿ) ತಂದು ಮಡಿಕೇರಿಯಲ್ಲಿ ಪಂಜರಕ್ಕೆ ಬಿಟ್ಟ ಮೇಲೆ ತಪ್ಪು ಗೊತ್ತಾದರೆ, ಬದಲಾಯಿಸಲು ಮತ್ತೆ ನೂರಕ್ಕೂ ಹೆಚ್ಚು ಕಿ.ಮೀ. ಇಳಿಯಬೇಕು. ಆದ್ದರಿಂದ ಕೊಳ್ಳುವಾಗಲೇ ನೋಡಿಕೊಳ್ಳಿ. ಇನ್ನೊಂದು ಮಾತು: ಇಲ್ಲಿ ಲವ್ ಬರ್ಡ್ಸ್ ಅನ್ನುವ ಬಡ್ಜಿಗಳನ್ನು ಸಾಕಿದವರು ಮೂಗಿನ ಮೇಲೆ ನೀಲಿ, ಕಂದು ಹುಡುಕುತ್ತಾರೆ. ಫಿಂಚ್‌ಗೆ ಆ ಗುರುತೇ ಇಲ್ಲ.

ಸುಲಭದ್ದು ಜೀಬ್ರಾ ಫಿಂಚ್. ಬೂದು ಬಣ್ಣದ ಸಾಮಾನ್ಯ ಜೀಬ್ರಾದಲ್ಲಿ ಗಂಡಿಗೆ ಕಿತ್ತಳೆ ಕೆನ್ನೆ, ಕತ್ತಿನ ಕೆಳಗೆ ಸಣ್ಣ ಪಟ್ಟೆಗಳು, ಎದೆಗೆ ಕಪ್ಪು ಗೆರೆ, ರೆಕ್ಕೆಯಡಿ ಕಂದು ಪಕ್ಕೆಯ ಮೇಲೆ ಬಿಳಿ ಚುಕ್ಕೆಗಳು. ಹೆಣ್ಣಿಗೆ ಇವು ಯಾವುವೂ ಇಲ್ಲ, ಕೆನ್ನೆ, ಕತ್ತು, ಎದೆಯೆಲ್ಲ ಬೂದು. ಕಣ್ಣಿನ ಕೆಳಗಿನ ಕಪ್ಪು ಕಣ್ಣೀರ ಗೆರೆ ಮಾತ್ರ ಇಬ್ಬರಿಗೂ ಇರುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ.

ಪೂರ್ತಿ ಬಿಳಿ ಜೀಬ್ರಾದಲ್ಲಿ ಈ ಗುರುತುಗಳೆಲ್ಲ ಮಾಯ. ಉಳಿಯುವುದು ಕೊಕ್ಕು ಮಾತ್ರ: ಗಂಡಿನದು ಕಡುಗೆಂಪು, ಹೆಣ್ಣಿನದು ಕಿತ್ತಳೆ. ಒಂದೇ ಹಕ್ಕಿ ನೋಡಿದರೆ ಎರಡೂ ಕೆಂಪೇ ಅನ್ನಿಸುತ್ತದೆ. ನಾಲ್ಕೈದನ್ನು ಒಂದೇ ಕೋಲಿನ ಮೇಲೆ ಕೂತಾಗ ಹೋಲಿಸಿ. ಹಳದಿ ಬಲ್ಬಿನ ಕೆಳಗಂತೂ ಕಿತ್ತಳೆ ಕೊಕ್ಕೂ ಕೆಂಪಾಗಿ ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ನಮ್ಮ ಮಡಿಕೇರಿಯ ಮನೆಗಳಲ್ಲಿ ಹಗಲೂ ದೀಪ ಉರಿಯುವುದರಿಂದ, ಮಂಜು ಸರಿದ ಹೊತ್ತಿನಲ್ಲಿ ಪಂಜರವನ್ನು ಕಿಟಕಿಯ ಬಳಿಗೆ ತಂದು ನೋಡಿ. ಕೊಕ್ಕು ಇನ್ನೂ ಕಪ್ಪಾಗಿದ್ದರೆ ಅದು ಮರಿ. ಗಂಡಿನ ಬಣ್ಣ ಐದಾರು ವಾರಕ್ಕೆ ಇಣುಕಲು ಶುರುವಾಗಿ, ಪೂರ್ತಿ ಬರಲು ಸುಮಾರು 3 ತಿಂಗಳು ಬೇಕು. ಅಲ್ಲಿಯವರೆಗೆ 'ಇದು ಹೆಣ್ಣು' ಎಂದು ಯಾರೇ ಹೇಳಿದರೂ ನಂಬಬೇಡಿ.

ನಿಜವಾದ ತಲೆನೋವು ಬೆಂಗಲೀಸ್ ಫಿಂಚ್. ಗಂಡು-ಹೆಣ್ಣಿಗೆ ಬಣ್ಣದಲ್ಲಾಗಲಿ ಗಾತ್ರದಲ್ಲಾಗಲಿ ನಂಬುವಂಥ ವ್ಯತ್ಯಾಸವಿಲ್ಲ. ಹಾಡುವುದು ಗಂಡು ಮಾತ್ರ, ಗುರುತು ಅಲ್ಲೇ ಸಿಗಬೇಕು. ಮೊದಲು ಪ್ರತಿ ಹಕ್ಕಿಯ ಕಾಲಿಗೆ ಬೇರೆ ಬೇರೆ ಬಣ್ಣದ ಉಂಗುರ ಹಾಕಿ, ಇಲ್ಲದಿದ್ದರೆ ಯಾವುದು ಹಾಡಿತು ಎಂಬುದೇ ಮರೆತುಹೋಗುತ್ತದೆ. ಒಂದು ರಾತ್ರಿ ಎಲ್ಲವನ್ನೂ ಬೇರೆ ಬೇರೆ ಪಂಜರದಲ್ಲಿಡಿ: ದನಿ ಕೇಳಲಿ, ಮುಖ ಕಾಣದಿರಲಿ. ಬೆಳಿಗ್ಗೆ ಒಂದರ ಪಂಜರಕ್ಕೆ ಇನ್ನೊಂದನ್ನು ಬಿಟ್ಟು ದೂರ ಸರಿದು ನೋಡಿ.

ಗಂಡಾದರೆ ಹೆಚ್ಚಾಗಿ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ. ಮೈ ನೆಟ್ಟಗಾಗಿ, ಗಂಟಲಿನ ಹಾಗೂ ಹೊಟ್ಟೆಯ ಗರಿ ಉಬ್ಬುತ್ತದೆ. ಕೋಲಿನ ಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಪುಟಿಯುತ್ತಾ ಗೊರಗೊರ ಅನ್ನುವ ಮೆಲುದನಿಯ ಹಾಡು ಶುರುಮಾಡುತ್ತದೆ. ಶೀಟಿನ ಮಾಡಿನ ಮೇಲೆ ಮಳೆ ಬಡಿಯುತ್ತಿದ್ದರೆ ಆ ಹಾಡು ಕೇಳುವುದೇ ಇಲ್ಲ. ಆಗ ಗಂಟಲು ಅದುರುತ್ತಿದೆಯೇ ಎಂದು ನೋಡಬೇಕು. ಹಾಡಿದ್ದು ಗಂಡು, ಇದರಲ್ಲಿ ಅನುಮಾನ ಬೇಡ. ಆದರೆ ಹಾಡದಿದ್ದದ್ದು ಹೆಣ್ಣು ಎಂದು ಒಂದೇ ದಿನದಲ್ಲಿ ತೀರ್ಮಾನಿಸಬೇಡಿ. ಚಳಿ ಹಿಡಿದ, ಗರಿ ಉದುರಿಸುತ್ತಿರುವ, ಹೊಸ ಜಾಗಕ್ಕೆ ಹೆದರಿದ ಗಂಡು ಸುಮ್ಮನೇ ಕೂರುತ್ತದೆ. ವಾರದಲ್ಲಿ ಮೂರ್ನಾಲ್ಕು ಸಲ, ಜೊತೆಗಾರನನ್ನು ಬದಲಿಸಿ ನೋಡಿ. ಮರಿಗಳಾದರೆ 4 ತಿಂಗಳು ತುಂಬಲಿ.

ಬೆಂಗಲೀಸ್ ಸಾಕಣೆಯಲ್ಲೇ ಹುಟ್ಟಿದ ತಳಿ. ಇದರ ಮೂಲ ಪೂರ್ವ ಏಷ್ಯಾದ ಬಿಳಿ ಬೆನ್ನಿನ ರಾಟವಾಳ (ಮುನಿಯಾ); ಅದೇ ಜಾತಿಯ ಹಕ್ಕಿಗಳು ಪಶ್ಚಿಮಘಟ್ಟದಲ್ಲೂ ಇವೆ. ಹಾಗೆಂದು ಗದ್ದೆಯ ರಾಟವಾಳ ಹಿಡಿದು ಜೋಡಿ ಮಾಡಲು ಹೋಗಬೇಡಿ. ಕಾಡು ರಾಟವಾಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.

ಗೌಲ್ಡಿಯನ್ ಫಿಂಚ್‌ನಲ್ಲಿ ತಲೆ ಕೆಂಪೋ ಕಪ್ಪೋ ಎಂಬುದಕ್ಕೂ ಲಿಂಗಕ್ಕೂ ಸಂಬಂಧವಿಲ್ಲ. ಎದೆ ನೋಡಿ: ಗಂಡಿಗೆ ಗಾಢ ನೇರಳೆ, ಹೆಣ್ಣಿಗೆ ತಿಳಿ ನೇರಳೆ. ಮೊಟ್ಟೆಗೆ ಬಂದ ಹೆಣ್ಣಿನ ಕೊಕ್ಕು ಕಪ್ಪಾಗುತ್ತದೆ. ಬಿಳಿ ಎದೆಯ ತಳಿಯಲ್ಲಿ ಎದೆಯ ಗುರುತು ಸಿಗದು. ಜಾವಾ ಫಿಂಚ್‌ನ ಗಂಡಿಗೆ ಕೊಕ್ಕಿನ ಬುಡ ಸ್ವಲ್ಪ ದಪ್ಪ ಎನ್ನುತ್ತಾರೆ, ಆದರೂ ಹಾಡನ್ನೇ ನಂಬುವುದು ಒಳ್ಳೆಯದು.

ಒಟ್ಟಿಗೆ ಗೂಡಿನಲ್ಲಿ ಮಲಗುವುದು, ಒಂದರ ತಲೆ ಇನ್ನೊಂದು ಕೆರೆಯುವುದು ಯಾವ ಸಾಕ್ಷಿಯೂ ಅಲ್ಲ. ಎರಡು ಗಂಡು ಸೇರಿಯೂ ಗೂಡು ಕಟ್ಟುತ್ತವೆ. ಬೆಂಗಲೀಸ್, ಜೀಬ್ರಾ ಸಾಮಾನ್ಯವಾಗಿ 4ರಿಂದ 6 ಮೊಟ್ಟೆ ಇಡುತ್ತವೆ. ಗೂಡಿನಲ್ಲಿ 8, 10 ಕಂಡರೆ ಎರಡೂ ಹೆಣ್ಣಿರಬಹುದು. ಕಾವು ಕೂತ ಏಳನೇ ದಿನ ರಾತ್ರಿ, ಕೈ ತೊಳೆದು, ಮೊಟ್ಟೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿಯಿರಿ. ಒಳಗೆ ಕೆಂಪು ನರಗಳ ಬಲೆ ಕಂಡರೆ ಗಂಡು ಇದ್ದಾನೆ. ಒಂದೂ ಬಿಡದೆ ಎಲ್ಲವೂ ಬರೀ ಹಳದಿಯಾಗಿದ್ದರೆ ಉಂಗುರದ ಬಣ್ಣ ಬರೆದಿಟ್ಟ ಚೀಟಿ ತೆಗೆದು, ಹಾಡಿನ ಪರೀಕ್ಷೆ ಮೊದಲಿನಿಂದ ಮಾಡಿ.